ಟೈರಿನ ತಾರೀಕು ಕೇಳಿ

ಬೆಂಗಳೂರಲ್ಲಿ ಕೂತು ಸೆಕೆಂಡ್ ಹ್ಯಾಂಡ್ ಟೈರ್ ಹಾಕಿಸೋರನ್ನ ಬೈಯೋದು ಸುಲಭ. ನರಸಿಂಹರಾಜಪುರದಿಂದ ಕೊಪ್ಪ, ಶೃಂಗೇರಿ ಅಂತ ಮಳೆಯಲ್ಲೇ ಬಾಡಿಗೆ ಓಡಿಸೋ ಓಮ್ನಿಯವನಿಗೆ ನಾಲ್ಕೂ ಹೊಸದು ತಗೋ ಅಂದ್ರೆ ದುಡ್ಡು ಎಲ್ಲಿಂದ ತರಬೇಕು? ಹಳೇ ಟೈರ್ ಮಾರಲಿ, ಆದರೆ ಅದರ ವಯಸ್ಸು ಮುಚ್ಚಿಡಬಾರದು.

ಹಾಲಿನ ಪ್ಯಾಕೆಟ್ಟಿನ ತಾರೀಕು ನೋಡೋ ನಾವು ಟೈರಿನದ್ದು ಯಾಕೆ ಕೇಳಲ್ಲ? ಅದರ ಪಕ್ಕೆಯಲ್ಲೇ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಕಾರಿನ ಟೈರಿನ ಕಚ್ಚು ಕನಿಷ್ಠ 1.6 ಮಿ.ಮೀ. ಆಳ ಇರಬೇಕು ಅನ್ನುತ್ತೆ ಕಾನೂನು. ರಸ್ತೆಯ ನೀರನ್ನ ಆಚೆ ತಳ್ಳೋದು ಆ ಕಚ್ಚುಗಳೇ. ಅವು ಸವೆದರೆ ಚಕ್ರ ನೀರಿನ ಮೇಲೆ ಜಾರುತ್ತೆ, ಬ್ರೇಕ್ ತುಳಿದೂ ಪ್ರಯೋಜನ ಇಲ್ಲ.

ಕೆಲವರು ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಕಚ್ಚು ಕೊರೆದು, ಕಪ್ಪು ಪಾಲಿಶ್ ಹೊಡೆದು ಮಾರ್ತಾರೆ. ಉಳಿದಿದ್ದ ಚೂರು ರಬ್ಬರನ್ನೂ ಕೊರೆದು ಹಾಕೋ ಶುದ್ಧ ಮೋಸ ಇದು.

"ನಮ್ಮೂರ ಅಂಗಡಿ, ನಂಬಿಕೆ" ಅಂತೀರಾ? ಸರಿ, ಹಾಗಾದ್ರೆ ರಿಮ್ಮಿಗೆ ಹಾಕೋ ಮೊದಲು ಟೈರಿನ ಒಳಗಿನ ಪ್ಯಾಚು, ಬಿರುಕು ತೋರಿಸಲಿ. ಬಿಲ್ಲಲ್ಲಿ ಆ ನಾಲ್ಕು ಅಂಕಿ ಬರೆದುಕೊಡಲಿ. ನಾವು ಕೇಳದೇ ಹೋದ್ರೆ ಪ್ರಾಮಾಣಿಕವಾಗಿ ಮಾರೋನಿಗೂ ಪಾಲಿಶ್ ಹೊಡೆಯೋನಿಗೂ ಒಂದೇ ಬೆಲೆ ಕೊಟ್ಟ ಹಾಗಾಯ್ತು.