ಉದ್ಯಮಬಾಗ ಬೈಲಹೊಂಗಲಕ್ಕೆ ಬರಲಿ

ಕಿತ್ತೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಹಿಳೆಯೊಬ್ಬರು 10 ಲಕ್ಷ ರೂಪಾಯಿ ವೆಚ್ಚದ ಖಡಕ್ ರೊಟ್ಟಿ ಘಟಕ ಹಾಕಲು ಹೊರಟರೆನ್ನಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಡಿ (ಪಿಎಂಇಜಿಪಿ) ಅವರು ಕೈಯಿಂದ ಹಾಕಬೇಕಾದದ್ದು 50 ಸಾವಿರ, ಉಳಿದ 9.5 ಲಕ್ಷ ಬ್ಯಾಂಕಿನದು. ಗ್ರಾಮೀಣ ಮಹಿಳೆಗೆ ಸಹಾಯಧನ ಶೇ 35, ಅಂದರೆ 3.5 ಲಕ್ಷ. ಅದೇ ಶೆಡ್ಡು ಬೈಲಹೊಂಗಲ ಪುರಸಭೆಯ ಗಡಿಯೊಳಗೆ ಬಿದ್ದರೆ ಸಹಾಯಧನ ಶೇ 25ಕ್ಕೆ ಇಳಿದು ಒಂದು ಲಕ್ಷ ಖೋತಾ ಆಗುತ್ತದೆ. ರೊಟ್ಟಿ ಆಹಾರ ಸಂಸ್ಕರಣೆಯ ಲೆಕ್ಕಕ್ಕೂ ಬರುವುದರಿಂದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಗೆ ಅರ್ಜಿ ಹಾಕಲು ಅವಕಾಶವಿದೆ. ಅಲ್ಲಿ ಯೋಜನೆಯ ಶೇ 35ಕ್ಕೆ ರಾಜ್ಯ ಸರ್ಕಾರ ಹೆಚ್ಚುವರಿಯಾಗಿ ಶೇ 15 ಸೇರಿಸಿ, ಅರ್ಹ ವೆಚ್ಚದ ಅರ್ಧದಷ್ಟನ್ನು ಗರಿಷ್ಠ 15 ಲಕ್ಷದವರೆಗೆ ಕೊಡುತ್ತದೆ.

ರೊಟ್ಟಿ ಅದೇ, ಯಂತ್ರ ಅದೇ. ಸಿಗುವ ನೆರವು ಮಾತ್ರ ಎರಡೂವರೆ ಲಕ್ಷದಿಂದ ಐದು ಲಕ್ಷದವರೆಗೆ ಏರಿಳಿಯುತ್ತದೆ. ಅರ್ಜಿ ತುಂಬುವ ಮೊದಲೇ ಆಕೆಯ ಎದುರು ಕುಳಿತು ಇದನ್ನು ಬಿಡಿಸಿ ಹೇಳುವವರು ತಾಲ್ಲೂಕಿನಲ್ಲಿ ಯಾರಿದ್ದಾರೆ?

ಹೇಳಬೇಕಾದ ಜಿಲ್ಲಾ ಕೈಗಾರಿಕಾ ಕೇಂದ್ರ ಇರುವುದು ಬೆಳಗಾವಿಯ ಉದ್ಯಮಬಾಗದಲ್ಲಿ. ರಾಮದುರ್ಗದಿಂದ ಅಲ್ಲಿಗೆ ಸುಮಾರು ನೂರು ಕಿಲೊಮೀಟರ್. ಹೋಗಿ ಬರುವಷ್ಟರಲ್ಲಿ ಒಂದು ದಿನದ ದುಡಿಮೆ ಮುಗಿಯಿತು. ಸಾಹೇಬರು ಮೀಟಿಂಗಿನಲ್ಲಿದ್ದರೆ ಇನ್ನೊಂದು ದಿನ. ಹೀಗಾಗಿ ಜನ ಊರಿನ ಝೆರಾಕ್ಸ್ ಅಂಗಡಿಯನ್ನೋ ಏಜೆಂಟನನ್ನೋ ಹಿಡಿಯುತ್ತಾರೆ. ಉದ್ಯಮ್ ನೋಂದಣಿಗೂ ಪಿಎಂಇಜಿಪಿ ಆನ್‌ಲೈನ್ ಅರ್ಜಿಗೂ ಸರ್ಕಾರ ಒಂದು ರೂಪಾಯಿ ಶುಲ್ಕ ಕೇಳುವುದಿಲ್ಲ. ಆದರೂ ರೊಕ್ಕ ಕೊಟ್ಟು, ಬೇರೆಯವರ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹೆಸರು ಮಾತ್ರ ಬದಲಿಸಿದ ಪ್ರತಿ ಹಿಡಿದು ಬ್ಯಾಂಕಿಗೆ ಹೋದರೆ, ಮ್ಯಾನೇಜರು ಕೇಳುವ ಮೊದಲ ಪ್ರಶ್ನೆಗೇ ಅರ್ಜಿದಾರರು ತಡವರಿಸಬೇಕಾಗುತ್ತದೆ.

ಸಹಾಯಧನ ಕೈಗೆ ಬರುವ ಹಣವೆಂಬ ತಪ್ಪು ತಿಳಿವಳಿಕೆಯೂ ಹೀಗೇ ಹಬ್ಬುತ್ತದೆ. ಪಿಎಂಇಜಿಪಿಯಲ್ಲಿ ಆ ಮೊತ್ತ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟೇ ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದೂ ಇಲ್ಲ. ಘಟಕ ನಡೆಯುತ್ತಿದೆಯೆಂದು ಖಾತ್ರಿಯಾದ ಮೇಲಷ್ಟೇ ಸಾಲಕ್ಕೆ ಜಮೆ. ನಡುವೆ ಬಾಗಿಲು ಹಾಕಿದವರಿಗೆ ಉಳಿಯುವುದು ಸಾಲ ಮಾತ್ರ.

ಯೋಜನೆಗೂ ಊರಿನ ಕಸುಬಿಗೂ ತಾಳೆಯಾಗದ ಕಡೆಗಳೂ ಇವೆ. ರಾಮದುರ್ಗ ಮತ್ತು ಸುರೇಬಾನ ನೇಕಾರರ ಊರುಗಳು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿದಾಗ ಇಲ್ಲಿಯ ಮಗ್ಗಗಳು ನೀರಿನಲ್ಲಿ ನಿಂತಿದ್ದವು. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 15 ಸಾವಿರ ರೂಪಾಯಿಯ ಉಪಕರಣ, ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಬಳಿಕ ಎರಡು ಲಕ್ಷ ಸಾಲ ಕೊಡುತ್ತದೆ. ಅದರ 18 ಕಸುಬುಗಳಲ್ಲಿ ದರ್ಜಿ ಇದ್ದಾರೆ, ನೇಕಾರರಿಲ್ಲ. ಬಟ್ಟೆ ನೇಯುವವರು ಹೋಗಬೇಕಾದದ್ದು ಕೈಮಗ್ಗ ಮತ್ತು ಜವಳಿ ಇಲಾಖೆಗೆ. 10 ಎಚ್‌ಪಿವರೆಗಿನ ಮಗ್ಗಗಳಿಗೆ ರಾಜ್ಯ ಸರ್ಕಾರ ಕೊಡುವ ಉಚಿತ ವಿದ್ಯುತ್ತೂ ಆ ದಾರಿಯಲ್ಲೇ ಸಿಗುವಂಥದ್ದು. ಇಷ್ಟನ್ನು ಮೊದಲೇ ಹೇಳಿದರೆ ಎಷ್ಟೋ ಮಂದಿಯ ಅಲೆದಾಟ ತಪ್ಪೀತು.

ಸವದತ್ತಿಯಲ್ಲಿ ಪರಿಸ್ಥಿತಿ ತಿರುಗುಮುರುಗು. ಯಲ್ಲಮ್ಮನ ಗುಡ್ಡಕ್ಕೆ ಬೇಕಾದ ಹೂಮಾಲೆ ಕಟ್ಟುವವರು, ಬುಟ್ಟಿ ಹೆಣೆಯುವವರು ಇದೇ 18ರ ಪಟ್ಟಿಯಲ್ಲಿದ್ದಾರೆ. ಪಡಲಗಿ (ದೇವಿಯ ನೈವೇದ್ಯದ ಬುಟ್ಟಿ) ತುಂಬಿಸಲು ಬರುವ ಭಕ್ತರಿಗೆ ಇವರ ಕೈಕೆಲಸವೇ ಬೇಕು. ಗುಡ್ಡದ ಅಭಿವೃದ್ಧಿಗೆ ಕೇಂದ್ರ 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಮಳಿಗೆಗಳು ಏಳುವ ಮುನ್ನವೇ ಸುತ್ತಲಿನ ಸ್ತ್ರೀಶಕ್ತಿ ಮತ್ತು ಸಂಜೀವಿನಿ ಸಂಘಗಳಿಗೆ ಪಾಲು ನಿಗದಿಯಾಗದಿದ್ದರೆ ಹೊರಗಿನ ಬಂಡವಾಳದವರು ಬಂದು ಕೂರುತ್ತಾರೆ. ಬ್ಯಾಂಕುಗಳೂ ಒಂದು ಮಾತು ಗಮನಿಸಬೇಕು: ಇಲ್ಲಿಯ ವ್ಯಾಪಾರ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಯಲ್ಲಿ ಉಕ್ಕಿ, ಮಳೆಗಾಲದಲ್ಲಿ ಇಳಿಯುವಂಥದ್ದು. ತಿಂಗಳಿಗೊಂದು ಸಮನಾದ ಕಂತು ಇದಕ್ಕೆ ಒಗ್ಗುವುದಿಲ್ಲ.

ಬೆಲ್ಲದ ಮಾತಂತೂ ನೇರ. 'ಒಂದು ಜಿಲ್ಲೆ ಒಂದು ಉತ್ಪನ್ನ'ದಡಿ ಬೆಳಗಾವಿಗೆ ಗುರುತಿಸಿರುವುದೇ ಬೆಲ್ಲ. ಬೈಲಹೊಂಗಲ, ಕಿತ್ತೂರು ಭಾಗದ ಕಬ್ಬು ಬೆಳೆಗಾರರು ಕಾರ್ಖಾನೆಯ ಬಿಲ್ಲಿಗೆ ಕಾಯುವುದರ ಜೊತೆಗೆ ಗಾಣದ ಬೆಲ್ಲವನ್ನು ಪ್ಯಾಕ್ ಮಾಡಿ ಮಾರುವ ದಾರಿ ಪಿಎಂಎಫ್‌ಎಂಇಯಲ್ಲಿದೆ.

ಕಿತ್ತೂರು, ರಾಮದುರ್ಗ, ಸವದತ್ತಿ, ಬೈಲಹೊಂಗಲ ಈ ನಾಲ್ಕೂ ತಾಲ್ಲೂಕುಗಳಿಗೆ ಉಪವಿಭಾಗದ ಕೇಂದ್ರ ಬೈಲಹೊಂಗಲ. ಉಪವಿಭಾಗಾಧಿಕಾರಿ ಕಚೇರಿ ಇರುವ ಈ ಊರಿನಲ್ಲಿ ವಾರಕ್ಕೊಂದು ದಿನ ಕೈಗಾರಿಕಾ ಕೇಂದ್ರ, ಖಾದಿ ಮಂಡಳಿ, ಜವಳಿ ಇಲಾಖೆ, ಪಿಎಂಎಫ್‌ಎಂಇ ಸಂಪನ್ಮೂಲ ವ್ಯಕ್ತಿ ಮತ್ತು ಬ್ಯಾಂಕಿನ ಪ್ರತಿನಿಧಿ ಒಂದೇ ಮೇಜಿಗೆ ಕೂರುವುದು ಕಷ್ಟದ ಕೆಲಸವಲ್ಲ. ಹೊಸ ಕಟ್ಟಡವೂ ಹೊಸ ಹುದ್ದೆಯೂ ಬೇಡ. ಸಂತೆಯ ದಿನ ಅದೇ ತಂಡ ಸವದತ್ತಿ, ರಾಮದುರ್ಗ, ಕಿತ್ತೂರಿಗೂ ಹೋಗಬಹುದು.

ತರಬೇತಿಗೆ ಜಿಲ್ಲೆಯ ಗಡಿ ಅಡ್ಡ ಬರಬಾರದು. ಕಿತ್ತೂರಿಗೂ ಸವದತ್ತಿಗೂ ಬೆಳಗಾವಿಗಿಂತ ಧಾರವಾಡ ಹತ್ತಿರ. ರಾಜ್ಯದ ಉದ್ಯಮಶೀಲತಾಭಿವೃದ್ಧಿ ಕೇಂದ್ರ ಸಿಡಾಕ್ ಇರುವುದು ಅಲ್ಲಿ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿ, ಊಟ-ವಸತಿ ಸಹಿತ ಉಚಿತ ತರಬೇತಿಯನ್ನು ದೇಶಕ್ಕೇ ಮಾದರಿಯಾಗಿ ಕೊಟ್ಟ ರುಡ್‌ಸೆಟ್ ಸಂಸ್ಥೆಯ ಶಾಖೆಯೂ ಅಲ್ಲಿದೆ.

ಬೈಲಹೊಂಗಲದ ಆ ವಾರದ ಮೇಜಿನ ಮೇಲೆ ಬ್ಯಾಂಕುಗಳು ತಾವು ತಿರಸ್ಕರಿಸಿದ ಅರ್ಜಿಗಳ ಪಟ್ಟಿಯನ್ನು ಕಾರಣಸಹಿತ ಇಡಬೇಕು. ಕಿರು ಉದ್ಯಮಗಳ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು, ಸಣ್ಣ ಸಾಲ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಈಗಾಗಲೇ ಹೇಳಿದೆ. ನಾಲ್ಕು ತಾಲ್ಲೂಕುಗಳ ಶಾಸಕರು ಜಿಲ್ಲಾ ಮಟ್ಟದ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೇಳಬೇಕಾದದ್ದು ಈ ಪಟ್ಟಿಯನ್ನೇ.