ಸದ್ದಿಗೆ ದಂಡ, ಹೊಗೆಗೆ ಸರ್ಟಿಫಿಕೇಟ್

ಹೋದ ತಿಂಗಳು ಕಾಲೇಜು ದಿನಗಳ ಗೆಳೆಯನೊಬ್ಬ ಫೋನ್ ಮಾಡಿದ್ದ. "ಮಗಾ, ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತ್ರೆ ಸಾಕು, ಕಾರೊಳಗೆ ಕೊಳೆತ ಮೊಟ್ಟೆ ವಾಸನೆ. ತಲೆನೋವು ಬೇರೆ. ಏನಿದು?"

ವಿಷಯ ಇಷ್ಟೇ. ಅವನ ಹಳೇ ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿತ್ತು. ಕಂಪನಿಯ ಒರಿಜಿನಲ್ ಬೆಲೆ ಕೇಳಿ ಬೆಚ್ಚಿಬಿದ್ದ. ಆಗ ಗ್ಯಾರೇಜ್‌ನವರು "ಹೈ-ಫ್ಲೋ ಹಾಕ್ಸಿ ಸಾರ್, ದುಡ್ಡೂ ಉಳಿಯುತ್ತೆ, ಪಿಕಪ್ಪೂ ಬರುತ್ತೆ" ಅಂದರು. ಹಾಕಿಸಿದ. ಪಿಕಪ್ ಬಂತು, ಜೊತೆಗೆ ವಾಸನೆಯೂ ಬಂತು. ತಮಾಷೆ ಏನಂದ್ರೆ, ಅದೇ ವಾರ ಅದೇ ಕಾರು ಪಿಯುಸಿ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಯ್ತು.

ಇದನ್ನು ಒಬ್ಬನ ಕಾರಿನ ರಿಪೇರಿ ವಿಷಯ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಆ ಕಾರಿಗೆ ಸಿಕ್ಕ ಸರ್ಟಿಫಿಕೇಟ್ ಸರ್ಕಾರ ನಮಗೆಲ್ಲ ಕೊಟ್ಟ ಭರವಸೆ. ಅದು ಎಷ್ಟು ಪೊಳ್ಳು ಅಂತ ನೋಡಬೇಕಲ್ಲ.

ಮೊದಲು ಕನ್ವರ್ಟರ್ ಏನು ಮಾಡುತ್ತದೆ ಅಂತ ನೋಡೋಣ. ಅದರೊಳಗೆ ಜೇನುಗೂಡಿನಂಥ ಸಿರಾಮಿಕ್ ಅಥವಾ ಲೋಹದ ಜಾಲ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಇರುತ್ತದೆ. ಇಂಜಿನ್ನಿನ ಹೊಗೆ ಈ ರಂಧ್ರಗಳಲ್ಲಿ ಹಾಯುವಾಗ ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್‌ಗಳ ಬಹುಪಾಲು ಕಡಿಮೆ ಅಪಾಯದ ಅನಿಲಗಳಾಗಿ ಬದಲಾಗುತ್ತವೆ. ಕಂಪನಿಯಿಂದ ಬರುವ ಕನ್ವರ್ಟರ್‌ನಲ್ಲಿ ಚದರ ಇಂಚಿಗೆ ಸಾಮಾನ್ಯವಾಗಿ 400ರಿಂದ 600 ರಂಧ್ರ. ಹೈ-ಫ್ಲೋದಲ್ಲಿ ಹೆಚ್ಚಾಗಿ 200ರ ಆಸುಪಾಸು. ರಂಧ್ರ ದೊಡ್ಡದಾದಷ್ಟೂ ಹೊಗೆ ಸಲೀಸಾಗಿ ಹೋಗುತ್ತದೆ, ಲೋಹಕ್ಕೆ ತಾಗುವುದು ಕಮ್ಮಿ. ಒಳ್ಳೆ ತಯಾರಕರು ಲೋಹ ಹೆಚ್ಚು ಬಳಸಿ ಇದನ್ನು ಸರಿದೂಗಿಸುತ್ತಾರೆ. ಅಗ್ಗದ್ದರಲ್ಲಿ ಉಳಿತಾಯ ಮಾಡುವುದೇ ಆ ಲೋಹದಲ್ಲಿ. ಮೇಲಾಗಿ, ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಕಾಯ್ದ ಮೇಲಷ್ಟೇ ಸರಿಯಾಗಿ ಕೆಲಸ ಶುರು ಮಾಡುವುದು.

ಕೊಳೆತ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದ್ದು. ಇಂಜಿನ್‌ಗೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಹೋಗುತ್ತಿದ್ದರೆ ಅದು ಬರುತ್ತದೆ. ಅದು ಕಾರೊಳಗೇ ಬರುತ್ತಿದೆ ಅಂದ್ರೆ ಪೈಪ್ ಜೋಡಣೆಯಲ್ಲಿ, ಗ್ಯಾಸ್ಕೆಟ್‌ನಲ್ಲಿ ಅಥವಾ ವೆಲ್ಡಿಂಗ್‌ನಲ್ಲಿ ಲೀಕ್ ಇರಬಹುದು. ಇದನ್ನು ಹಗುರವಾಗಿ ತಗೋಬೇಡಿ. ವಾಸನೆ ಜೊತೆಗೇ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಒಳಗೆ ಬರಬಹುದು. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ತಲೆನೋವು ಅದರ ಮೊದಲ ಲಕ್ಷಣ. ಹಾಗಾದಾಗ ಗಾಡಿ ನಿಲ್ಲಿಸಿ ಹೊರಗೆ ಬನ್ನಿ. ಲೀಕ್ ಸರಿಯಾಗುವವರೆಗೆ ಓಡಿಸಬೇಡಿ.

ಈಗ ಪಿಯುಸಿಗೆ ಬರೋಣ. ಪೆಟ್ರೋಲ್ ಗಾಡಿ ನಿಂತಲ್ಲೇ ಇರುತ್ತದೆ, ಸೈಲೆನ್ಸರ್‌ಗೆ ಕಡ್ಡಿ ತೂರಿಸುತ್ತಾರೆ, ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಬಿಸಿಲಿಗೆ ಸಿಕ್ಕಿ ನೆಲಮಟ್ಟದ ಓಝೋನ್ ಆಗಿ ನಮ್ಮ ಶ್ವಾಸಕೋಶ ಸುಡುವುದು ಇದೇ ಅನಿಲದ ಕೈವಾಡ. ಇಂಜಿನ್ ಕಾಯ್ದಿದ್ದರೆ, ಕನ್ವರ್ಟರ್ ಅರೆಬರೆ ಕೆಲಸ ಮಾಡಿದರೂ ಈ ಪರೀಕ್ಷೆ ದಾಟಬಹುದು. ತಣ್ಣಗಿನ ಇಂಜಿನ್, ಫ್ಲೈಓವರ್ ಏರುವ ಭಾರ, ಒಮ್ಮೆಲೇ ಆಕ್ಸಿಲರೇಟರ್ ತುಳಿಯುವುದು, ಇದ್ಯಾವುದೂ ಆ ಲೆಕ್ಕದಲ್ಲಿ ಬರಲ್ಲ.

ಹಾಗಂತ ಕಾನೂನು ಇಲ್ಲವೇ? ಇದೆ. ಮೋಟಾರು ವಾಹನ ಕಾಯ್ದೆಯ ಕಲಂ 52 ಪ್ರಕಾರ ತಯಾರಕರ ನಿರ್ದಿಷ್ಟತೆ ಮೀರಿ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಪ್ರಕಾರ ಮಾಲೀಕರು ಹಾಗೆ ಬದಲಾಯಿಸಿದರೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು. ಆದರೆ ಇದು ಜಾರಿಯಾಗುವುದು ಕಿವಿಗೆ ಕೇಳುವ ಕಡೆ ಮಾತ್ರ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ನೋಡಿದ್ದೀರಿ. ಬೇಕಾದ ಕೆಲಸವೇ. ಆದರೆ ಸದ್ದಿಲ್ಲದೆ ಮೂರು ಪಟ್ಟು ವಿಷ ಉಗುಳುವ ಕಾರು ಅದೇ ಪೊಲೀಸರ ಮುಂದೆ ಹಾದುಹೋದರೆ ಯಾರಿಗೂ ಗೊತ್ತಾಗಲ್ಲ. ಕಣ್ಣಿಗೆ ಕಾಣುವ ಕಪ್ಪು ಹೊಗೆಯ ಹಳೇ ಟೆಂಪೋ ಮಾತ್ರ ಸಿಕ್ಕಿಬೀಳುತ್ತದೆ.

ಹಾಗಾದ್ರೆ ಹಿಡಿಯೋದು ಹೇಗೆ? ದಾರಿ ಕಾರಿನೊಳಗೇ ಇದೆ. ಕನ್ವರ್ಟರ್ ಹಿಂದೆ-ಮುಂದೆ ಇರುವ ಆಕ್ಸಿಜನ್ ಸೆನ್ಸರ್‌ಗಳನ್ನು ಹೋಲಿಸಿ ಕಾರಿನ ಕಂಪ್ಯೂಟರ್ ತಾನೇ ತಪ್ಪು ದಾಖಲಿಸುತ್ತದೆ, ಚೆಕ್ ಇಂಜಿನ್ ಲೈಟ್ ಹೊತ್ತಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2000 ಮತ್ತು ನಂತರದ ಮಾದರಿಯ ಪೆಟ್ರೋಲ್ ಕಾರುಗಳ ತಪಾಸಣೆ ನಡೆಯುವುದು ಈ ಕಂಪ್ಯೂಟರ್ ಓದಿ. ಅಲ್ಲಿ ಬದಲಿ ಕನ್ವರ್ಟರ್ ಮಾರಬೇಕಾದರೆ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಬೇಕು. ನಮ್ಮಲ್ಲಿ ಸೆನ್ಸರ್ ಮುಂದೆ ಒಂದು ಸ್ಪೇಸರ್ ಸಿಕ್ಕಿಸಿ ಲೈಟ್ ಆರಿಸಿದರೆ ಮುಗೀತು. ಈ ಮೋಸವನ್ನು ಕಂಪ್ಯೂಟರ್ ಓದುವುದರಿಂದ ಮಾತ್ರ ಪೂರ್ತಿ ತಡೆಯಲಾಗದು. ಅದಕ್ಕೇ ಮಾರುವವರ, ಅಳವಡಿಸುವವರ ಮೇಲೂ ಹೊಣೆ ಬೀಳಬೇಕು. ಜೊತೆಗೆ, ಒರಿಜಿನಲ್ ಬೆಲೆಗೆ ಹೆದರುವ ಸಾಮಾನ್ಯ ಮಾಲೀಕರಿಗೆ ಪ್ರಮಾಣೀಕೃತ, ಕೈಗೆಟುಕುವ ಬದಲಿ ಸಿಗಬೇಕು. ಅದಿಲ್ಲದೆ ದಂಡ ಮಾತ್ರ ಹಾಕಿದರೆ ಗ್ಯಾರೇಜಿನ ಹಿಂಬಾಗಿಲು ಇನ್ನೂ ಅಗಲ ಆಗುತ್ತದೆ, ಅಷ್ಟೇ.

1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯ ಮಾಡಿದ ದೇಶ ನಮ್ಮದು. 2020ರಲ್ಲಿ ಬಿಎಸ್-4ರಿಂದ ನೇರ ಬಿಎಸ್-6ಕ್ಕೆ ಜಿಗಿದೆವು. ಶೋರೂಮಿನಿಂದ ಹೊರಡುವ ಗಾಡಿಗೆ ಇಷ್ಟು ಕಟ್ಟುನಿಟ್ಟು, ರಸ್ತೆಗಿಳಿದ ಮೇಲೆ ಹೇಳೋರು ಕೇಳೋರು ಇಲ್ಲ.

ಗೆಳೆಯ ಮೊನ್ನೆ ಮತ್ತೆ ಫೋನ್ ಮಾಡಿದ್ದ. ಗ್ಯಾಸ್ಕೆಟ್ ಬದಲಾಯಿಸಿದ್ದಾನೆ. "ಸೂಪರ್ ಮಗಾ, ವಾಸನೆ ಈಗ ಒಳಗೆ ಬರ್ತಿಲ್ಲ, ಹೊರಗೇ ಹೋಗ್ತಿದೆ" ಅಂದ. ಹೊರಗೆ ಅಂದ್ರೆ ಎಲ್ಲಿಗೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅವನ ಕಾರಿನ ಹಿಂದೆ ನಿಲ್ಲುವ ಡೆಲಿವರಿ ಹುಡುಗನಿಗೆ, ಎಂಟು ಗಂಟೆ ಅಲ್ಲೇ ನಿಂತಿರುವ ಟ್ರಾಫಿಕ್ ಕಾನ್ಸ್‌ಟೇಬಲ್‌ಗೆ ಏರಿಸಿಕೊಳ್ಳಲು ಕಿಟಕಿ ಗಾಜಿಲ್ಲ.