ಗಾಜಿನ ಮೇಲಿನ ಮಾಯಾಪಟ

ಓದುಬರಹ ಬಾರದ ರೈತನಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಅವನ ಹೊಲವನ್ನೇ ಬರೆಯಿಸಿಕೊಂಡ ಸಾಹುಕಾರರ ಕಥೆಯನ್ನು ನಮ್ಮ ವಾಚಕರು ಕೇಳದೆ ಇರಲಾರರು. ಈಗ ನಾವು ಹೇಳಹೊರಟಿರುವ ವಂಚನೆಯಲ್ಲಾದರೋ ಓದು ಬಲ್ಲವರೂ, ಒಂದೊಂದು ಅಕ್ಷರವನ್ನು ನೋಡಿಯೇ ಮುಂದುವರಿಯುವವರೂ ಸಿಕ್ಕಿಬೀಳುವರು. ಏತಕ್ಕೆಂದರೆ ಅವರು ಓದುವ ಪುಟವೇ ಬೇರೆ, ಬೆರಳು ಬೀಳುವ ಪುಟವೇ ಬೇರೆ.

ಗಣಕಯಂತ್ರದ ತೆರೆಯಲ್ಲಿ ಒಂದು ಪುಟದೊಳಗೆ ಮತ್ತೊಂದನ್ನು ಕೂಡಿಸುವುದುಂಟು. ಇದು ತಾನಾಗಿ ದೋಷವಲ್ಲ. ಸುದ್ದಿಯ ನಡುವೆ ಭೂಪಟವೋ ಚಲಚ್ಚಿತ್ರವೋ ಕಾಣಿಸಿಕೊಳ್ಳುವುದು ಈ ಅನುಕೂಲದಿಂದಲೇ. ಆದರೆ ವಂಚಕನು ಹಾಗೆ ಕೂಡಿಸಿದ ಪುಟವನ್ನು ಪೂರ್ತಿ ಪಾರದರ್ಶಕವಾಗಿ ಮಾಡಿ, ತನ್ನ ಪುಟದ ಮೇಲೆ ಗಾಜಿನಂತೆ ಹೊದಿಸುವನು. ಕೆಳಗೆ ‘ಬಹುಮಾನ ಪಡೆಯಿರಿ’ ಎಂಬ ಗುಂಡಿ. ಸರಿಯಾಗಿ ಅದರ ಮೇಲೆಯೇ, ಕಣ್ಣಿಗೆ ಕಾಣದಂತೆ, ನೀವು ಮೊದಲೇ ಲಾಗಿನ್ ಆಗಿರುವ ಬೇರೊಂದು ತಾಣದ ‘ಒಪ್ಪಿಗೆ’ಯ ಗುಂಡಿ. ಬಹುಮಾನಕ್ಕೆಂದು ಚಾಚಿದ ಬೆರಳು ಒಪ್ಪಿಗೆಯನ್ನು ಕೊಟ್ಟುಬಿಡುವುದು. ಆ ತಾಣದ ದೃಷ್ಟಿಯಲ್ಲಿ ಒತ್ತಿದವರು ನೀವೇ ಸರಿ. ಕಳ್ಳನು ನಿಮ್ಮ ಪಾಸ್‌ವರ್ಡನ್ನು ಕದಿಯಲೂ ಇಲ್ಲ, ಬೀಗವನ್ನು ಮುರಿಯಲೂ ಇಲ್ಲ!

ಅಮೆರಿಕದ ರಾಬರ್ಟ್ ಹ್ಯಾನ್ಸನ್, ಜೆರೆಮಾಯ ಗ್ರಾಸ್‌ಮನ್ ಎಂಬ ಇಬ್ಬರು ಭದ್ರತಾತಜ್ಞರು 2008ರಲ್ಲಿ ಇದಕ್ಕೆ ‘ಕ್ಲಿಕ್‌ಜಾಕಿಂಗ್’ ಎಂದು ಹೆಸರಿಟ್ಟರು. ಆಟವಾಡುತ್ತ ಗುಂಡಿಗಳನ್ನು ಒತ್ತುತ್ತಿರುವವನ ಕೈಯಿಂದಲೇ ಅವನ ಕ್ಯಾಮೆರಾವನ್ನು ತೆರೆಯಿಸಬಹುದೆಂಬುದು ಆಗ ಕಂಡುಬಂದಿತು. ಮರುವರ್ಷ ಫೆಬ್ರವರಿಯಲ್ಲಿ ಟ್ವಿಟರ್ ತಾಣದಲ್ಲಿ ‘ಒತ್ತಬೇಡಿ’ ಎಂಬ ಸೂಚನೆಯೊಡನೆ ಒಂದು ಕೊಂಡಿ ಹರಡಿತು. ಬೇಡವೆಂದುದನ್ನು ಮಾಡದೆ ಬಿಡುವುದುಂಟೆ? ಒತ್ತಿದವರೆಲ್ಲರ ಹೆಸರಿನಲ್ಲಿ ಅದೇ ಸಂದೇಶವು ಮುಂದಕ್ಕೆ ಹೋಯಿತು.

ಇದರಲ್ಲಿ ಮೋಸಹೋದವರನ್ನು ಅಜಾಗರೂಕರೆಂದು ಹಳಿಯುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಕಾಣದುದನ್ನು ನೋಡಿ ನಡೆಯಿರೆಂದು ಯಾರಿಗೆ ತಾನೆ ಹೇಳಬಹುದು? ಕಾವಲಿನ ಹೊಣೆಯು ಮುಖ್ಯವಾಗಿ ತಾಣಗಳ ಒಡೆಯರದು. ‘ನನ್ನ ಪುಟವನ್ನು ಅನ್ಯರ ಪುಟದೊಳಗೆ ತೋರಿಸಕೂಡದು’ ಎಂದು ಅವರು ಬ್ರೌಸರಿಗೆ ಅಪ್ಪಣೆ ಕೊಡುವ ಏರ್ಪಾಡು 2009ರಿಂದಲೂ ಇದೆ. ಮನೆಯವರಾದ ನಾವು ಮಾಡತಕ್ಕುದು ಸ್ವಲ್ಪವೇ: ಬ್ಯಾಂಕಿನ ಕೆಲಸ ಮುಗಿದೊಡನೆ ಲಾಗೌಟ್ ಆಗುವುದು, ಬ್ರೌಸರಿನ ಹೊಸ ಆವೃತ್ತಿಯನ್ನು ತಪ್ಪದೆ ಹಾಕಿಸಿಕೊಳ್ಳುವುದು. ಹೊರಗೆ ಬಂದವನ ಬೆರಳಿನಿಂದ ಒಳಗಿನ ಒಪ್ಪಿಗೆಯು ಹೊರಡಲಾರದು.

ಮೊಬೈಲಿನಲ್ಲಿ ಈ ವಿದ್ಯೆಗೆ ಇನ್ನೊಂದು ವೇಷವುಂಟು; ನಮ್ಮ ಸಂಸಾರಗಳಿಗೆ ಹೆಚ್ಚು ಭಯವಿರುವುದು ಇದರಿಂದಲೇ. ಮದುವೆಯ ಕರೆಯೋಲೆಯೆಂದೋ, ವಿದ್ಯುತ್ತಿನ ಬಾಕಿಯ ರಶೀದಿಯೆಂದೋ ವಾಟ್ಸಾಪಿನಲ್ಲಿ ‘ಎಪಿಕೆ’ ಎಂದು ಕೊನೆಗೊಳ್ಳುವ ಕಡತವೊಂದು ಬರುವುದು. ಅದು ಕರೆಯೋಲೆಯಲ್ಲ, ಆ್ಯಪ್. ಸ್ಥಾಪಿಸಿಕೊಂಡರೆ, ಇತರ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳಲು ಅನುಮತಿಯನ್ನೂ, ಅಂಗವಿಕಲರ ನೆರವಿಗಾಗಿ ಏರ್ಪಡಿಸಿದ ‘ಆ್ಯಕ್ಸೆಸಿಬಿಲಿಟಿ’ ಎಂಬ ಅಧಿಕಾರವನ್ನೂ ಬೇಡಬಹುದು. ಕೊಟ್ಟಿರೋ, ನೀವು ಬ್ಯಾಂಕಿನ ಆ್ಯಪನ್ನು ತೆರೆದಾಗ ಅದರ ಮೇಲೆ ಅದರದೇ ರೂಪದ ಇನ್ನೊಂದು ತೆರೆ ಬಂದು ನಿಲ್ಲುವುದು. ನೀವು ಬರೆದ ಗುಟ್ಟು ವಂಚಕನಿಗೆ ಸೇರುವುದು. ಕರೆಯೋಲೆಗೆ ಇಂಥ ಅಧಿಕಾರವೇತಕ್ಕೆ ಎಂದು ಕೇಳಿಕೊಂಡರೆ ಸಾಕು.

ಮನೆಯ ಹಿರಿಯರ ಮೊಬೈಲನ್ನು ಬಿಡುವಿದ್ದ ದಿನ ತೆಗೆದುಕೊಂಡು, ಸೆಟ್ಟಿಂಗ್ಸಿನಲ್ಲಿ ಈ ಎರಡು ಅನುಮತಿಗಳು ಯಾವ ಯಾವ ಆ್ಯಪ್‌ಗೆ ಸಂದಿವೆಯೆಂದು ಅವರ ಎದುರಿಗೇ ನೋಡಿರಿ. ಗುರುತಿಲ್ಲದುದು ಕಂಡರೆ ಅನುಮತಿಯನ್ನು ಹಿಂತೆಗೆದು ಆ್ಯಪನ್ನು ಅಳಿಸಿಬಿಡುವುದು. ಹಣವೇ ಹೋಗಿದ್ದ ಪಕ್ಷದಲ್ಲಿ, ಯಾರು ಏನೆಂದಾರೆಂದು ಸಂಕೋಚಪಟ್ಟು ಕೂರದೆ, ಕೂಡಲೇ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸತಕ್ಕುದು. ಹಣವು ಮತ್ತೊಂದು ಖಾತೆಗೆ ದಾಟುವ ಮೊದಲೇ ದೂರು ತಲಪಿದರೆ ಅದನ್ನು ತಡೆಹಿಡಿಯುವ ಸಂಭವವುಂಟು.